ಬೆನ್ನಿಗೊಂದು ಜೇಬು

ನಮ್ಮ ಸೋದರಮಾವ ಹುಟ್ಟಿದಂದಿನಿಂದ ಒಂದು ದಿನವೂ ನಿದ್ದೆ ಮಾಡಿದವನಲ್ಲ! ಇದು ನನ್ನ ಮಾತಲ್ಲ, ಅವನದೇ ಮಾತು. ಅದನ್ನು ಅವನು ಹೇಳುತ್ತಿದ್ದುದು ಸಾಮಾನ್ಯವಾಗಿ ನಿದ್ದೆಯಿಂದ ಎದ್ದ ಕೂಡಲೇ. ಕಣ್ಣುಜ್ಜಿಕೊಂಡು, ಬಾಯಿ ತುಂಬ ಆಕಳಿಸಿ, ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೆನ್ನೆಗೆ ಮೂಡಿದ್ದ ಗುರುತನ್ನು ಸವರಿಕೊಳ್ಳುತ್ತ, "ನಿದ್ದಿ ಅನ್ನೋದು ನನ್ನ ಹಣ್ಯಾಗ ಬರದಿಲ್ಲವ್ವಾ" ಎನ್ನುತ್ತಿದ್ದ. ಕೊಟ್ಟೂರಿನ ಬಜಾರಿನಲ್ಲಿ ಅವನು ಮಲಗಿದ್ದನ್ನು ನೋಡದವರು ಯಾರಿದ್ದರು ಹೇಳಿ? ಎದುರಿನ ಕಿರಾಣಿ ಅಂಗಡಿಯವರು ನೋಡಿದ್ದರು, ಪಕ್ಕದ ಮಂಡಕ್ಕಿ-ಮಿರ್ಚಿ ಹೋಟೆಲ್ಲಿನವರು ನೋಡಿದ್ದರು, ಸಂತೆಗೆ ಬಂದವರು ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಸಾಕ್ಷಿಗಳು ಎಷ್ಟಿದ್ದರೇನು, ಆರೋಪಿ ಒಪ್ಪಬೇಕಲ್ಲ!

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡಿಗೆಮನೆ. ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಯಿಂದ ನಾನು ಕೊಟ್ಟೂರಿಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಹೆಣ್ಣುಮಕ್ಕಳ ಶಾಲೆಗೆ ಹೊಸ ಟೀಚರಾಗಿ. "ಸ್ವಂತ ಮಾವನ ಮನಿ ಇರೋವಾಗ ಬಾಡಿಗಿ ಕೋಣಿ ಯಾಕ?" ಎಂದು ಅಪ್ಪ ನನ್ನ ಟ್ರಂಕನ್ನು ಅವರ ಪಡಸಾಲೆಯಲ್ಲಿ ಇಳಿಸಿ ಹೋದರು. ಮಾವನ ಒಬ್ಬಳೇ ಮಗಳು ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಮಾವ, ಅತ್ತೆ ಮತ್ತು ಮಾವನ ಕೆಲಸಕ್ಕಾಗಿ ಕಾದು ಕುಳಿತ ಊರ ಜನರ ಬಟ್ಟೆ.

ಮಾವನ ಮೈಕಟ್ಟಿನ ಬಗ್ಗೆ ಎರಡು ಮಾತು ಹೇಳಬೇಕು. ಕುತ್ತಿಗೆ ಎಂಬುದೊಂದು ಅಂಗ ದೇವರು ಅವನಿಗೆ ಕೊಟ್ಟಿದ್ದನೋ ಇಲ್ಲವೋ, ನನಗೆ ಇಂದಿಗೂ ಅನುಮಾನ. ತಲೆ ಮುಗಿದಲ್ಲಿಯೇ ಹೆಗಲು ಶುರುವಾಗುತ್ತಿತ್ತು. ಊರಿಗೆಲ್ಲ ಅಂದವಾಗಿ ಕಾಲರ್ ಹಚ್ಚುತ್ತಿದ್ದ ಮನುಷ್ಯ ತಾನು ಮಾತ್ರ ಕಾಲರ್ ಇಲ್ಲದ ಅಂಗಿ ತೊಡುತ್ತಿದ್ದ. ಕೇಳಿದರೆ, "ನನಗ ಕಾಲರ್ ಹಚ್ಚಿದ್ರ ಅದು ಕಿವಿಗೆ ಬರ್ತತಿ" ಎನ್ನುತ್ತಿದ್ದ. ಆದರೆ ಕೈಕೆಲಸದಲ್ಲಿ ಗಟ್ಟಿಗ. ಕೋಗಳಿಯಿಂದ, ತಂಬ್ರಹಳ್ಳಿಯಿಂದ ಬಸ್ಸು ಹತ್ತಿಕೊಂಡು ಬಂದು ಅವನ ಹತ್ತಿರವೇ ಹೊಲಿಸುವ ಜನ ಇದ್ದರು. ಎಚ್ಚರವಿದ್ದಾಗ ಹೊಲಿದ ಅಂಗಿ ಎಷ್ಟು ಒಗೆದರೂ ಹೊಲಿಗೆ ಬಿಡುತ್ತಿರಲಿಲ್ಲ. ತೊಂದರೆಯೆಲ್ಲ ಮಂಪರಿನಲ್ಲಿ ಹೊಲಿದ ಬಟ್ಟೆಗಳದು.

ಏಕೆಂದರೆ ಮಾವ ನಿದ್ದೆಹೋದರೂ ಅವನ ಕಾಲು ನಿದ್ದೆಹೋಗುತ್ತಿರಲಿಲ್ಲ! ಪಾದ ತನ್ನ ಪಾಡಿಗೆ ಪೆಡಲು ತುಳಿಯುತ್ತಲೇ ಇರುತ್ತಿತ್ತು. ಕೋಗಳಿಯ ಹುಡುಗನೊಬ್ಬ ಕನ್ಯೆ ನೋಡಲು ಹೋಗುವುದಕ್ಕೆಂದು ಹೊಸ ಪ್ಯಾಂಟು ಹೊಲಿಸಿದ್ದ. ಹೊರಡುವ ದಿನ ಬೆಳಗ್ಗೆ ಹಾಕಿಕೊಳ್ಳಲು ಹೋದರೆ ಕಾಲು ಒಳಗೆ ಹೋಗುತ್ತದೆ, ಆಚೆ ಬರುವುದಿಲ್ಲ. ಎರಡೂ ಕಾಲಿನ ತುದಿಯನ್ನು ಗಟ್ಟಿಯಾಗಿ, ಡಬಲ್ ಹೊಲಿಗೆ ಹಾಕಿ, ಚೀಲದಂತೆ ಮುಚ್ಚಲಾಗಿತ್ತು. ಪಾಪ, ಹುಡುಗ ಅವಸರದಲ್ಲಿ ಅಪ್ಪನ ಪಂಚೆ ಸುತ್ತಿಕೊಂಡು ಹೋದ. ಹುಡುಗಿಯ ಮನೆಯವರು, "ಹುಡುಗ ಭಾಳ ಸಾದಾ ಅದಾನ, ಶೋಕಿ ಇಲ್ಲ" ಎಂದು ಅಲ್ಲಿಯೇ ಒಪ್ಪಿಬಿಟ್ಟರು! ಮರುವಾರ ಅವನು ಜಗಳಕ್ಕೆ ಬರುತ್ತಾನೆಂದು ಅತ್ತೆ ಹೆದರಿ ಕುಳಿತಿದ್ದರೆ ಅವನು ಫೇಡೆ ಹಿಡಿದುಕೊಂಡು ಬಂದ. ಮಾವ ಒಂದು ಫೇಡೆ ಬಾಯಿಗಿಟ್ಟುಕೊಂಡು, "ನಾ ಬೇಕಂತನ ಹೊಲದಿದ್ದೆ" ಎಂದ.

ಇನ್ನೊಮ್ಮೆ ತಂಬ್ರಹಳ್ಳಿ ಕಡೆಯ ಹಿರಿಯರೊಬ್ಬರು, ಕುರಿ ಸಾಕಿದ ಮನೆತನದವರು, ಅಂಗಿಯ ಅಳತೆ ಕೊಡಲು ಬಂದಿದ್ದರು. ಮಾವ ಅವರ ಎದೆಗೆ ಟೇಪು ಸುತ್ತಿದ, ಅಳತೆ ನೋಡಲು ಬಗ್ಗಿದ, ಹಾಗೆಯೇ ಅವರ ಎದೆಗೆ ಹಣೆ ಆನಿಸಿ ನಿದ್ದೆಹೋದ. ನಾನು ಶಾಲೆಯಿಂದ ಬಂದಾಗ ಆ ಹಿರಿಯರು ಎರಡೂ ಕೈ ಎತ್ತಿಕೊಂಡು, ಉಸಿರನ್ನೂ ಜೋರಾಗಿ ಬಿಡದೆ ನಿಂತಿದ್ದರು. "ಎಬ್ಬಿಸಬಾರದೇನ್ರಿ ಯಜಮಾನ್ರ?" ಎಂದೆ. "ಹೆಂಗ ಎಬ್ಬಿಸಲಿ ತಂಗೆವ್ವಾ? ಕೂಸು ಮಲಗಿದಂಗ ಮಲಗ್ಯಾನ. ಎಷ್ಟು ದಿನದ ನಿದ್ದಿನೋ ಏನೋ" ಎಂದರು ಅವರು ಪಿಸುದನಿಯಲ್ಲಿ. ಊರಿನವರೆಲ್ಲ ನಗುವಾಗ ಈ ಒಬ್ಬರಿಗೆ ಅಷ್ಟು ಸರಿಯಾಗಿ ಹೇಗೆ ತಿಳಿಯಿತು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಹಗಲಿನ ಕಥೆ ಇದಾದರೆ ರಾತ್ರಿಯದು ಬೇರೆ. ನಾನು ಬಂದ ಮೊದಲ ರಾತ್ರಿ ಮಾವ ಪಡಸಾಲೆಯಲ್ಲಿ ಅಂಗಾತ ಮಲಗಿ ಗೊರಕೆ ಶುರುಮಾಡಿದ. ಹಿಟ್ಟಿನ ಗಿರಣಿ ಮನೆಯೊಳಗೇ ಬಂದಂತಾಯಿತು. ತಲೆಯ ಮೇಲೆ ಹೊದಿಕೆ ಎಳೆದುಕೊಂಡೆ, ಕಿವಿಗೆ ಬಟ್ಟೆಯ ಚೂರು ತುರುಕಿಕೊಂಡೆ. ಆಗ ಒಮ್ಮೆಲೇ ಗೊರಕೆ ನಿಂತಿತು. ಅಬ್ಬಾ, ಎನ್ನುವಷ್ಟರಲ್ಲಿ ಅನ್ನಿಸಿತು: ಗೊರಕೆ ಮಾತ್ರ ನಿಂತಿದೆಯೋ, ಉಸಿರೇ ನಿಂತಿದೆಯೋ? ಎದ್ದು ಕುಳಿತೆ. ನನಗಿಂತ ಮುಂಚೆ ಅತ್ತೆ ಎದ್ದು ಕುಳಿತಿದ್ದಳು. ಗೋಡೆಗೊರಗಿ, ತೊಡೆಯ ಮೇಲೆ ಬಟ್ಟೆ ಅಳೆಯುವ ಗಜದ ಕೋಲು ಇಟ್ಟುಕೊಂಡು ಮಾವನ ಹೊಟ್ಟೆಯನ್ನೇ ನೋಡುತ್ತಿದ್ದಳು. ಕೋಲಿನ ತುದಿಯಿಂದ ಪಕ್ಕೆಗೆ ತಿವಿದಳು. ಮಾವ ನೀರಿನಿಂದ ಮೇಲೆದ್ದವನ ಹಾಗೆ ಒಮ್ಮೆ ದೊಡ್ಡದಾಗಿ ಉಸಿರೆಳೆದು ಮತ್ತೆ ಗಿರಣಿ ಚಾಲೂ ಮಾಡಿದ.

ಬೆಳಗ್ಗೆ ಒಲೆಯ ಮುಂದೆ ಕುಳಿತು ಅತ್ತೆಯನ್ನು ಕೇಳಿದೆ. "ದಿನಾ ಹಿಂಗನ ಏನತ್ತಿ?"

"ದಿನಾ. ಗೊರಕಿ ಹೊಡದ್ರ ಅದಾರ ಅಂತ ಸಮಾಧಾನ. ಗೊರಕಿ ನಿಂತ್ರ ನನ್ನ ಜೀವ ನಿಲ್ತತಿ. ನಾ ಮಲಗಿದಾಗನ ಇವ್ರ ಉಸಿರು ನಿಂತುಬಿಟ್ರ ಯಾರು ಎಬ್ಬಿಸ್ಬೇಕು?"

"ಮತ್ತ ನೀ ಯಾವಾಗ ಮಲಗ್ತಿ?"

"ಮಗಳು ಇದ್ದಾಗ ಆಕಿದೊಂದು ಪಾಳಿ, ನಂದೊಂದು ಪಾಳಿ ಇತ್ತವ್ವಾ. ಆಕಿ ಲಗ್ನ ಆಗಿ ಹೋದ್ಲು. ಈಗ ಎರಡೂ ಪಾಳಿ ನಂದ" ಎಂದು ಅತ್ತೆ ನಕ್ಕಳು.

ಒಂದು ಪಾಳಿ ನಾನು ಮಾಡುತ್ತೇನೆಂದರೆ ಒಪ್ಪಲಿಲ್ಲ. "ಬೆಳಗಾದ್ರ ನೀ ಹುಡುಗ್ಯಾರಿಗೆ ಪಾಠ ಹೇಳಾಕಿ, ಇದು ನಿನಗ ಬ್ಯಾಡ" ಎಂದುಬಿಟ್ಟಳು. ಆದರೆ ರಾತ್ರಿ ಬಾರದ ನಿದ್ದೆ ಎಲ್ಲಿಗೆ ಹೋಗುತ್ತದೆ? ಹಗಲು ಬಂದು ಬಾಗಿಲು ತಟ್ಟುತ್ತದೆ. ಅತ್ತೆ ಕಾಳು ಆರಿಸುತ್ತ ತೂಕಡಿಸುತ್ತಿದ್ದಳು, ನೆರೆಮನೆಯ ಹೆಂಗಸರ ನಡುವೆ ಕುಳಿತು ತೂಕಡಿಸುತ್ತಿದ್ದಳು. "ಗಂಡ ಹೆಂಡ್ತಿ ಇಬ್ಬರೂ ಒಂದ ಸಾಲ್ಯಾಗ ಕಲತಾರ" ಎಂದು ಹೆಂಗಸರು ನಗುತ್ತಿದ್ದರು. ಒಂದು ದಿನ ಜೋಳದ ರೊಟ್ಟಿ ಬೇಯಿಸುತ್ತ ತೂಕಡಿಸಿ, ಕಾದ ಹಂಚಿನ ಮೇಲೆ ಕೈಯೂರಿದಳು. ಅಂಗೈಯಿಂದ ಮಣಿಕಟ್ಟಿನವರೆಗೆ ಸುಟ್ಟು ಬೊಬ್ಬೆ ಎದ್ದಿತು. ಅಂದು ನನಗೆ ನಗು ನಿಂತಿತು. ಮಾವನ ಉಸಿರಿಗಿಂತ ಮೊದಲು ಈಕೆಯ ಗತಿ ಏನಾಗುತ್ತದೋ ಎಂದು ಹೆದರಿಕೆಯಾಯಿತು.

ಡಾಕ್ಟರಿಗೆ ತೋರಿಸೋಣವೆಂದರೆ ಮಾವನ ಉತ್ತರ ಗೊತ್ತೇ ಇತ್ತು. "ನಿದ್ದಿನ ಮಾಡದವಂಗ ನಿದ್ದಿ ರೋಗ ಎಲ್ಲಿಂದ ಬರ್ತತಿ?" ಎಂಥ ತರ್ಕ ನೋಡಿ! ಕೊನೆಗೆ ನಮಗೆ ದಾರಿ ತೋರಿಸಿದ್ದು ಹಡಗಲಿಯ ಒಂದು ಮದುವೆ.

ಮದುವೆಯಲ್ಲಿ ಗೋದಿ ಹುಗ್ಗಿಯ ಊಟ. ಮಾವ ಹುಗ್ಗಿಗೆ ತುಪ್ಪ ಹಾಕಿಸಿಕೊಂಡ, ಮತ್ತೆ ಹಾಕಿಸಿಕೊಂಡ, ಎದ್ದು ಬಂದು ಚಾಪೆಯ ಮೇಲೆ ಅಂಗಾತನಾದ. ಗೊರಕೆಗೆ ವಾಲಗದವರೇ ಊದುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಸುತ್ತ ಜನ ಸೇರಿ ನಗುತ್ತಿರುವಾಗ ಎಂದಿನಂತೆ ಉಸಿರು ನಿಂತಿತು. ಒಬ್ಬರು ಗಾಬರಿಯಾಗಿ ನೀರು ತರಲು ಓಡಿದರು. ಆಗ ಭಜನೆಯ ಮೇಳದ ಮುದುಕರೊಬ್ಬರು ಕೈ ಅಡ್ಡ ಹಿಡಿದು, "ಯಾರೂ ಮುಟ್ಟಬ್ಯಾಡ್ರಿ! ಉಸಿರು ಕಟ್ಟಿ ಮಲಗ್ಯಾನ. ಇದು ಸಣ್ಣ ಸಾಧನಾ ಅಲ್ಲ. ಸಂಸಾರದಾಗ ಇದ್ದ ಯೋಗ ಮಾಡ್ಯಾನ" ಎಂದರು. ಜನ ಗಪ್‌ಚಿಪ್ಪಾದರು! ಒಬ್ಬ ಹೆಂಗಸು ಬಾಳೆಹಣ್ಣು ತಂದು ಮಾವನ ಕಾಲ ಬಳಿ ಇಟ್ಟು ಕೈಮುಗಿದಳು.

ಅಷ್ಟರಲ್ಲಿ ಒಳಗಿದ್ದ ಅತ್ತೆಗೆ ಗೊರಕೆ ನಿಂತದ್ದು ಕೇಳಿಸಿತು. ಗೊರಕೆ ಎಲ್ಲರಿಗೂ ಕೇಳಿಸುತ್ತದೆ, ಗೊರಕೆ ನಿಂತದ್ದು ಕೇಳಿಸುವುದು ಅವಳೊಬ್ಬಳಿಗೇ. ಕೈಯಲ್ಲಿದ್ದ ಸಾರಿನ ಸೌಟಿನೊಂದಿಗೇ ಓಡಿಬಂದು ಯೋಗಿಯ ಪಕ್ಕೆಗೆ ಒಂದು ಬಿಟ್ಟಳು. ಮಾವ ಗಕ್ಕನೆ ಉಸಿರೆಳೆದು, ಸುತ್ತ ನಿಂತವರನ್ನು ನೋಡಿ, "ಸಾಲಾಗಿ ಬರ್ರಿ, ಒಬ್ಬೊಬ್ರದ ಅಳತಿ ತಗೋತೀನಿ" ಎಂದ.

"ಎಂಥಾ ಅನಾಹುತ ಮಾಡಿದೆವ್ವಾ! ಯೋಗಭಂಗ ಮಾಡಿಬಿಟ್ಟಿ" ಎಂದರು ಮುದುಕರು.

"ಇನ್ನೊಂದು ಚೂರು ಬಿಟ್ಟಿದ್ರ ನಿಮ್ಮ ಯೋಗಿ ಐಕ್ಯನ ಆಗಿಬಿಡ್ತಿದ್ರು ಯಜ್ಜಾ!" ಎಂದಳು ಅತ್ತೆ. ಹೇಳಿದವಳು ಹಾಗೆಯೇ ಚಾಪೆಯ ಅಂಚಿನಲ್ಲಿ ಕುಸಿದು ಕುಳಿತು ಅಳತೊಡಗಿದಳು. ಅಷ್ಟು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಮಾವನೂ ನೋಡಿರಲಿಲ್ಲವೆಂದು ಕಾಣುತ್ತದೆ. ಅವನ ಮುಖ ಸಣ್ಣದಾಯಿತು. ಹೆಣ್ಣಿನ ಕಡೆಯವರಲ್ಲಿ ಹರಪನಹಳ್ಳಿ ಆಸ್ಪತ್ರೆಯ ನರ್ಸೊಬ್ಬರಿದ್ದರು. "ಇದನ್ನ ಹಂಗೆ ಬಿಡಬ್ಯಾಡ್ರಿ, ನಮ್ಮ ಡಾಕ್ಟ್ರಿಗೆ ತೋರ್ಸಿ" ಎಂದು ಅವರು ಹೇಳಿದಾಗ ಮಾವ ಮೊದಲ ಸಲ ತನ್ನ ತರ್ಕ ತೆಗೆಯಲಿಲ್ಲ.

ಹರಪನಹಳ್ಳಿಯ ಡಾಕ್ಟರು ಚಿಕ್ಕ ವಯಸ್ಸಿನವರು, ಓದುವ ಹುಚ್ಚಿನವರು. "ರಾತ್ರಿ ನಿದ್ದೆ ಹೆಂಗೈತೆ?" ಎಂದು ಕೇಳಿದರು.

"ನಿದ್ದಿ ಎಲ್ಲೈತ್ರಿ ಸಾಹೇಬ್ರ? ಹುಟ್ಟಿದಾಗಿಂದ ಕಣ್ಣು ಮುಚ್ಚಿಲ್ಲ."

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ನೀವು ಹೇಳ್ರಮ್ಮ, ಗೊರಕೆ ಹೆಂಗಿರುತ್ತೆ?"

ಗಂಡಸರ ಮುಂದೆ ಸೆರಗು ಸರಿಮಾಡಿಕೊಳ್ಳದೆ ಒಂದು ಮಾತಾಡದ ನಮ್ಮ ಅತ್ತೆ, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಗೊರಕೆ ಹೊಡೆದು ತೋರಿಸಿದಳು! ಮೊದಲು ಸಣ್ಣಗೆ, ಆಮೇಲೆ ದಪ್ಪಗೆ, ಆಮೇಲೆ ಹರಿದ ಬಟ್ಟೆ ಎಳೆದ ಹಾಗೆ. ಹೊರಗೆ ಸಾಲಿನಲ್ಲಿದ್ದ ರೋಗಿಗಳು ಕಿಟಕಿಗೆ ಮುಖ ತುರುಕಿದರು. ಅತ್ತೆ ಗೊರಕೆ ನಿಲ್ಲಿಸಿದಳು, ಉಸಿರನ್ನೂ ನಿಲ್ಲಿಸಿದಳು. ನಾವು ಕಾದೆವು. ಡಾಕ್ಟರು ಗಡಿಯಾರ ನೋಡಿದರು. ಇನ್ನೂ ನಿಲ್ಲಿಸಿಯೇ ಇದ್ದಳು, ಮುಖ ಕೆಂಪಾಗತೊಡಗಿತು. "ಸಾಕು ಬಿಡಲೇ, ಸತ್ತಗಿತ್ತಿ!" ಎಂದು ಮಾವ ಕೂಗಿಕೊಂಡು ಅವಳ ತೋಳು ಹಿಡಿದು ಅಲುಗಾಡಿಸಿದ. ಅತ್ತೆ ಗಕ್ಕನೆ ಉಸಿರೆಳೆದು ಕಣ್ಣು ತೆರೆದು, "ಹಿಂಗ್ರಿ. ದಿನಾ ಹಿಂಗ" ಎಂದಳು. ಮಾವ ಅವಳ ತೋಳು ಬಿಡದೆ ಹಾಗೆಯೇ ನಿಂತಿದ್ದ. ರಾತ್ರಿ ತನ್ನ ಪಕ್ಕದಲ್ಲಿ ಏನು ನಡೆಯುತ್ತದೆ ಎನ್ನುವುದು ಅವನಿಗೆ ತಿಳಿದದ್ದು ಅಂದೇ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮಲಗಿದಾಗ ಗಂಟಲಿನೊಳಗಿನ ಮಾಂಸ ಸಡಿಲಾಗಿ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಉಸಿರು ಸಿಗದೆ ಮೈ ತನ್ನನ್ನು ತಾನೇ ತಟ್ಟಿ ಎಬ್ಬಿಸುತ್ತದೆ. ಎದ್ದದ್ದು ಮಲಗಿದವನಿಗೆ ನೆನಪಿರುವುದಿಲ್ಲ. ರಾತ್ರಿಯೆಲ್ಲ ಹೀಗೆ ಏಳುವುದೇ ಕೆಲಸ. "ಅವ್ರು ಹೇಳಿದ್ದು ನಿಜ ಕಣಮ್ಮ. ಮಲಗಿರ್ತಾರೆ, ಆದ್ರೆ ನಿದ್ದೆ ಮಾಡಿರಲ್ಲ" ಎಂದರು.

ಮಾವನ ಮುಖ ನೋಡಬೇಕಿತ್ತು! ಊರೆಲ್ಲ ಸೇರಿ ಸುಳ್ಳು ಎಂದ ಮಾತನ್ನು ಸರಕಾರಿ ಡಾಕ್ಟರು ನಿಜ ಎಂದಿದ್ದರು. ಮನುಷ್ಯನಿಗೆ ತನ್ನ ಹಸಿವು ಗೊತ್ತು, ತನ್ನ ನೋವು ಗೊತ್ತು. ತನ್ನ ನಿದ್ದೆ ಮಾತ್ರ ಗೊತ್ತಿಲ್ಲ. ಅದನ್ನು ಕಂಡವರು ಪಕ್ಕದಲ್ಲಿ ಎಚ್ಚರವಿದ್ದವರು. ಮಾವನ ನಿದ್ದೆ ಹೇಗಿತ್ತೆಂದು ಲೋಕದಲ್ಲಿ ಬಲ್ಲವಳು ಅತ್ತೆಯೊಬ್ಬಳೇ, ಅದನ್ನು ತಿಳಿಯುವುದಕ್ಕೆ ಅವಳು ತನ್ನ ನಿದ್ದೆಯನ್ನೇ ಕೊಟ್ಟಿದ್ದಳು.

ಚಿಕಿತ್ಸೆ ಏನು? "ತೀರಾ ಹೆಚ್ಚಾದ್ರೆ ದೊಡ್ಡ ಆಸ್ಪತ್ರೇಲಿ ಗಂಟಲಿಗೆ ತೂತು ಮಾಡಿ ಕೊಳವೆ ಇಡ್ತಾರೆ" ಎಂದರು ಡಾಕ್ಟರು. ಮಾವ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ. "ಕುತ್ತಿಗಿಗೆ ಕಾಜಾ ಮಾಡ್ತಾರೇನ್ರಿ? ಕಾಜಾ ಮಾಡೋದೇನು ದೊಡ್ಡದಲ್ಲ ಸಾಹೇಬ್ರ, ಆಮ್ಯಾಲೆ ಅದಕ್ಕ ಗುಂಡಿ ಯಾರು ಹಚ್ಚಬೇಕು?" ಡಾಕ್ಟರು ನಕ್ಕು, ಅದಕ್ಕೆ ಮೊದಲು ಮಾಡಿ ನೋಡುವ ಕೆಲಸಗಳಿವೆ ಎಂದರು. ಮೈ ಇಳಿಸಬೇಕು, ಸಂಜೆಯ ಮಿರ್ಚಿ ಬಿಡಬೇಕು, ಅಂಗಾತ ಮಲಗಲೇಬಾರದು, ಮಗ್ಗುಲಾಗಿ ಮಲಗಬೇಕು. ನಿದ್ದೆಯಲ್ಲಿ ತಿರುಗದಂತೆ ಬನಿಯನ್ನಿನ ಬೆನ್ನಿಗೆ ಚೆಂಡಿನಂಥದ್ದೇನಾದರೂ ಹೊಲಿಸಿಕೊಳ್ಳಬೇಕು. "ನಿಮ್ಮೂರಲ್ಲಿ ಒಳ್ಳೆ ಟೈಲರ್ ಅದಾರೇನ್ರಿ?" ಎಂದು ಅವರು ಕೇಳಿದ್ದಕ್ಕೆ ಮಾವನಿಗೆ ಆದ ಅವಮಾನ ಕೊಟ್ಟೂರು ಬರುವತನಕ ಇಳಿಯಲಿಲ್ಲ!

ಮನೆಗೆ ಬಂದವನು ಗುರುತು ಹಾಕಿ, ಕತ್ತರಿಸಿ, ಬೆನ್ನಿನ ನಟ್ಟನಡುವೆ ಗುಂಡಿಯಿರುವ ಒಂದು ಜೇಬು ಹಚ್ಚಿದ. ಅದರೊಳಗೆ ಏನಿಡುವುದು ಎನ್ನುವುದು ಪ್ರಶ್ನೆ. ರಬ್ಬರ್ ಚೆಂಡು ಅವನ ಭಾರಕ್ಕೆ ಒಡೆದು ಚಪ್ಪಟೆಯಾಯಿತು. ಒಣಕೊಬ್ಬರಿಯ ಗಿಟುಕು ಇಟ್ಟರೆ ಬೆಳಗಾಗುವಷ್ಟರಲ್ಲಿ ಖಾಲಿ ಜೇಬು. "ಅದೆಲ್ಲಿ ಹೋತು ಮಾವಾ?" ಎಂದರೆ, "ನೀವು ಮಿರ್ಚಿ ಬಿಡಿಸಿದ್ರಿ, ಹೊಟ್ಟಿ ಕೇಳಬೇಕಲ್ಲ!" ಎಂದ. ಕೊನೆಗೆ ದಾರ ಖಾಲಿಯಾದ ಮರದ ರೀಲುಗಳನ್ನು ಒಟ್ಟಿಗೆ ಕಟ್ಟಿ ಇಟ್ಟುಕೊಂಡ. ಅದು ಸರಿಹೋಯಿತು. ಅಂಗಾತ ತಿರುಗಲು ಹೋದರೆ ರೀಲು ಬೆನ್ನಿಗೆ ಒತ್ತುತ್ತಿತ್ತು, ಮತ್ತೆ ಮಗ್ಗುಲಿಗೆ ಬರುತ್ತಿದ್ದ.

ಹಗಲು ಅಂಗಡಿಯಲ್ಲಿ ಗೋಡೆಗೊರಗಿ ನಿದ್ದೆಹೋಗದಿರಲೆಂದು ಒಂದು ಅಂಗಿಗೂ ಹಾಗೆಯೇ ಜೇಬು ಹಚ್ಚಿಕೊಂಡ. ಅದನ್ನು ತೊಟ್ಟು ಬಜಾರಿನಲ್ಲಿ ಓಡಾಡಿದ. ಕಾಲೇಜು ಹುಡುಗರು ನೋಡಿದರು. ಊರಿನ ಹೆಸರುವಾಸಿ ದರ್ಜಿಯೇ ಬೆನ್ನಿಗೆ ಜೇಬು ಹಾಕಿಕೊಂಡು ತಿರುಗುತ್ತಿದ್ದಾನೆಂದರೆ ಅದು ಬೊಂಬಾಯಿಯ ಹೊಸ ಫ್ಯಾಶನ್ನೇ ಇರಬೇಕಲ್ಲವೇ? ವಾರದೊಳಗೆ ಒಬ್ಬ ಬಂದ. ಆಮೇಲೆ ಅವನ ಗೆಳೆಯರೆಲ್ಲ ಬಂದರು. ಜಾತ್ಯತೀತವಾಗಿ ಕೊಟ್ಟೂರಿನ ತರುಣರ ಬೆನ್ನುಗಳ ಮೇಲೆ ಜೇಬುಗಳು ಕಾಣಿಸಿಕೊಂಡವು! "ಅದರಾಗ ಏನಿಡ್ತೀರೋ?" ಎಂದು ನಾನೊಬ್ಬನನ್ನು ಕೇಳಿದೆ. "ಇಡಾಕಲ್ಲ ಟೀಚರ್, ಸ್ಟೈಲಿಗೆ" ಎಂದ. ಮಾವನಂತೂ ಯಾರಿಗೂ ನಿಜ ಹೇಳಲಿಲ್ಲ. "ಜೇಬು ಹೊಲಿಸಿಕೊಂಡು ಹೋಗ್ಲಿ ಬಿಡು, ಅದರ ಜೋಡಿ ನನ್ನ ಬ್ಯಾನಿ ಹೋಗೋದಿಲ್ಲಲ್ಲ" ಎಂದು ನನಗೆ ಕಣ್ಣು ಹೊಡೆದ.

ತಿಂಗಳುಗಳು ಕಳೆದಂತೆ ಮಾವನ ಹೊಟ್ಟೆ ಇಳಿಯಿತು, ಗಂಟಲಿನ ಕೆಳಗೆ ಕುತ್ತಿಗೆಯಂಥದ್ದೊಂದು ನಾಚುತ್ತ ಹೊರಬಂತು. ಗೊರಕೆ ಹೋಯಿತು, ಉಸಿರು ನಿಲ್ಲುವುದೂ ಹೋಯಿತು. ಪ್ಯಾಂಟುಗಳ ಕಾಲು ತೆರೆದೇ ಇರುತ್ತಿದ್ದವು. "ಮೊದಲ ಚಲೋ ಇತ್ತು, ಈಗ ಇವನ ಮಾತು ಕೇಳಿ ನಮಗ ನಿದ್ದಿ ಬರ್ತತಿ" ಎಂದು ಗಿರಾಕಿಗಳು ಗೊಣಗುವಷ್ಟು ಅವನು ಎಚ್ಚರವಾಗಿದ್ದ.

ಇಷ್ಟಾದ ಮೇಲೆ ಅತ್ತೆ ಹೊದ್ದು ಮಲಗಬೇಕಿತ್ತಲ್ಲ? ಮಲಗಲಿಲ್ಲ! ಮನೆ ಸದ್ದಿಲ್ಲದೆ ಇದ್ದದ್ದೇ ಅವಳಿಗೆ ತಡೆಯದಾಯಿತು. ಅಷ್ಟು ವರ್ಷ ಗೊರಕೆ ನಿಂತರೆ ಏಳುವುದನ್ನು ಮೈಗೆ ಕಲಿಸಿಬಿಟ್ಟಿದ್ದಳು. ಈಗ ಗೊರಕೆಯೇ ಇಲ್ಲ, ಅಂದರೆ ರಾತ್ರಿಯೆಲ್ಲ ಏಳುವುದೇ. ಮಾವನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು, ಎದೆಗೆ ಕಿವಿ ಇಡುತ್ತಿದ್ದಳು. ಹಗಲು ಮತ್ತೆ ಒಲೆಯ ಮುಂದೆ ತೂಕಡಿಕೆ. "ಅವರಿಗೆ ವಾಸಿ ಆಗೇತಿ ಅತ್ತಿ, ಡಾಕ್ಟ್ರು ಹೇಳ್ಯಾರ" ಎಂದರೆ, "ನನಗೂ ಗೊತ್ತೈತವ್ವಾ. ನನ್ನ ಕಿವಿಗೆ ಗೊತ್ತಿಲ್ಲ" ಎನ್ನುತ್ತಿದ್ದಳು. ಮಾವ ಇದನ್ನೆಲ್ಲ ಕೇಳಿಸಿಕೊಂಡು ಯಂತ್ರ ತುಳಿಯುತ್ತಿದ್ದ. ನನಗೆ ಸಂಕಟವಾಗುತ್ತಿತ್ತು. ಅವನ ರೋಗಕ್ಕೆ ಡಾಕ್ಟರಿದ್ದರು, ಇವಳದಕ್ಕೆ ಯಾರಿದ್ದಾರೆ?

ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ, ಬಟ್ಟೆ ಒಗೆದುಕೊಂಡು ಹಿತ್ತಲಿನಿಂದ ಒಳಗೆ ಬರುವಾಗ ಪಡಸಾಲೆಯಿಂದ ಗೊರಕೆ ಕೇಳಿಸಿತು. ಅದೇ ಹಳೆಯ ಗೊರಕೆ, ಸಣ್ಣಗೆ ಶುರುವಾಗಿ ದಪ್ಪಗಾಗುವುದು. ರೋಗ ಮರಳಿ ಬಂತು, ಕದ್ದು ಮಿರ್ಚಿ ತಿಂದಿದ್ದಾನೆ, ರೀಲು ಬಿಸಾಕಿ ಅಂಗಾತ ಮಲಗಿದ್ದಾನೆ! ಅತ್ತೆಯ ಕೈ ಸುಟ್ಟದ್ದು ಇವನಿಗೆ ಮರೆತೇಹೋಯಿತೇ? ಸಿಟ್ಟಿನಿಂದ, ಮೂಲೆಯಲ್ಲಿದ್ದ ಗಜದ ಕೋಲು ಕೈಗೆತ್ತಿಕೊಂಡು ಒಳಗೆ ಹೋದೆ.

ಮಾವ ಮಗ್ಗುಲಾಗಿಯೇ ಮಲಗಿದ್ದ. ಬೆನ್ನಿನ ಜೇಬಿನಲ್ಲಿ ರೀಲುಗಳು ಇದ್ದವು. ಅವನ ಮುಂದೆ, ಅವನ ತೋಳಿನ ಮೇಲೆ ಸುಟ್ಟ ಕಲೆಯ ಕೈಯನ್ನಿಟ್ಟುಕೊಂಡು, ಅತ್ತೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಅವಳು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಕೋಲು ಎತ್ತಿದೆ, ಆಗ ಮಾವನ ಮುಖ ಕಂಡಿತು. ಕಣ್ಣು ತೆರೆದೇ ಇದ್ದವು. ಎಚ್ಚರವಾಗಿ, ಅತ್ತೆಯ ಮುಖವನ್ನೇ ನೋಡುತ್ತ, ಹಣೆಯ ಬೆವರನ್ನೂ ಒರೆಸಿಕೊಳ್ಳದೆ, ಒಂದಾದ ಮೇಲೊಂದು ಗೊರಕೆ ಹೊಡೆಯುತ್ತಿದ್ದ.

ನನ್ನ ಕೈಯ ಕೋಲು ಕೆಳಗಿಳಿಯಿತು. ಮಾವ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಎರಡು ಗೊರಕೆಗಳ ನಡುವೆ ಪಿಸುಗುಟ್ಟಿದ. "ಸಪ್ಪಳ ಮಾಡಬ್ಯಾಡವ್ವಾ. ನಾ ನಿಲ್ಲಿಸಿದ್ರ ಆಕಿ ಎದ್ದುಬಿಡ್ತಾಳ."

ಅಷ್ಟು ಹೇಳುವುದರಲ್ಲಿ ಒಂದು ಗೊರಕೆ ತಪ್ಪಿಹೋಯಿತು. ನಿದ್ದೆಯಲ್ಲಿಯೇ ಅತ್ತೆಯ ಹುಬ್ಬು ಗಂಟಿಕ್ಕಿತು, ಕೈ ಅಲುಗಾಡಿತು. ಮಾವ ಗಾಬರಿಯಿಂದ ಜೋರಾಗಿ ಉಸಿರೆಳೆದು ಮತ್ತೆ ಶುರುಮಾಡಿದ. ಅತ್ತೆಯ ಹುಬ್ಬು ಸಡಿಲಾಯಿತು.